ಹಗಲು ಬಸ್ಸಿನಲ್ಲಿ ಘಟ್ಟ ಇಳಿಯುವುದು ಹೇಗೆ: ಕಿಟಕಿಯಿಂದ ಸಹ್ಯಾದ್ರಿ ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಮಂಗಳೂರು, ಉಡುಪಿ, ಕುಂದಾಪುರದ ಕಡೆಗೆ ಹೋಗುವವರಲ್ಲಿ ಹೆಚ್ಚಿನವರು ರಾತ್ರಿ ಬಸ್ಸನ್ನೇ ಹಿಡಿಯುತ್ತಾರೆ. ಊಟ ಮುಗಿಸಿ ಹತ್ತಿದರೆ ಬೆಳಗಿನ ಕಾಫಿಯ ಹೊತ್ತಿಗೆ ಊರು. ಒಂದು ದಿನದ ರಜೆಯೂ ಉಳಿಯುತ್ತದೆ. ಆದರೆ ಜಗತ್ತಿನ ದೊಡ್ಡ ಬೆಟ್ಟಸಾಲುಗಳಲ್ಲಿ ಒಂದನ್ನು ಕಣ್ಣುಮುಚ್ಚಿ ದಾಟಿಬಿಟ್ಟಿರುತ್ತೇವೆ. ಬಸ್ಸು ಎಡಕ್ಕೂ ಬಲಕ್ಕೂ ವಾಲಿ, ಕಿವಿ ಗುಂಯ್ ಅಂದಾಗ ಮಗ್ಗುಲು ಬದಲಿಸುತ್ತೇವೆ, ಅಷ್ಟೇ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ 10 ನಮ್ಮ ರಾಜ್ಯದಲ್ಲೇ ಇವೆ. ಅವುಗಳಲ್ಲಿ ಕೆಲವನ್ನು ನೋಡಲು ಜೀಪು, ಚಾರಣ, ರೆಸಾರ್ಟು ಯಾವುದೂ ಬೇಡ. ಒಂದು ಬಸ್ ಟಿಕೆಟ್ಟು ಸಾಕು.

ಬಸ್ಸಿನಲ್ಲಿ ಬೆಟ್ಟ ಚೆನ್ನಾಗಿ ಕಾಣುವುದು ಅದೃಷ್ಟದ ಮಾತೆಂದು ಹಲವರು ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ತೀರ್ಮಾನ ಬಸ್ಸು ಹತ್ತುವ ಮೊದಲೇ ಆಗಿರುತ್ತದೆ. ಯಾವ ಹೊತ್ತಿಗೆ ಘಟ್ಟಕ್ಕೆ ಬರುತ್ತೀರಿ, ಯಾವ ಬಸ್ಸಿನಲ್ಲಿ ಬರುತ್ತೀರಿ, ಯಾವ ಬದಿಯಲ್ಲಿ ಕೂತಿರುತ್ತೀರಿ ಎಂಬ ಮೂರನ್ನು ಸರಿಯಾಗಿ ಆರಿಸಿಕೊಂಡರೆ ಉಳಿದದ್ದು ಸಹ್ಯಾದ್ರಿಯ ಕೆಲಸ. ಉದಾಹರಣೆಗೆ ಬೆಂಗಳೂರು–ಹಾಸನ–ಸಕಲೇಶಪುರ–ಮಂಗಳೂರು ದಾರಿಯನ್ನು, ಅಂದರೆ ಶಿರಾಡಿ ಘಾಟಿಯನ್ನು ತೆಗೆದುಕೊಂಡಿದ್ದೇನೆ. ಹೆಚ್ಚು ಬಸ್ಸುಗಳು ಓಡಾಡುವುದು ಅಲ್ಲಿಯೇ. ಬೇರೆ ಘಟ್ಟಗಳ ಮಾತು ಕೊನೆಯಲ್ಲಿದೆ.

ಹಂತ 1: ಬಸ್ಸು ಹೊರಡುವ ಹೊತ್ತು ನೋಡಬೇಡಿ, ಘಟ್ಟಕ್ಕೆ ಬರುವ ಹೊತ್ತು ನೋಡಿ

ಟಿಕೆಟ್ ತೆಗೆಯುವಾಗ ನಾವು ನೋಡುವುದು ಎರಡೇ ಸಮಯ: ಹೊರಡುವುದು, ತಲುಪುವುದು. ಬೆಟ್ಟ ನೋಡಬೇಕೆನ್ನುವವರು ಲೆಕ್ಕ ಹಾಕಬೇಕಾದದ್ದು ನಡುವಿನ ಒಂದು ಗಂಟೆಯನ್ನು. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ನಡುವೆ ತಿಂಡಿಗೆ ನಿಲ್ಲಿಸುವುದೂ ಸೇರಿ ನಾಲ್ಕೂವರೆ, ಐದು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಆರರ ಬಸ್ಸು ಹನ್ನೊಂದರ ಆಸುಪಾಸಿಗೆ ಘಟ್ಟದ ತಲೆಯಲ್ಲಿರುತ್ತದೆ. ಹನ್ನೆರಡರ ಬಸ್ಸು ಹಿಡಿದರೆ ಐದು ಗಂಟೆ. ಡಿಸೆಂಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ದಟ್ಟ ಕಾಡಿನ ಕಣಿವೆಯಲ್ಲಿ ಅದಕ್ಕೂ ಮುಂಚೆಯೇ ಕತ್ತಲು ಕವಿಯುತ್ತದೆ. ಆದ್ದರಿಂದ ಮಧ್ಯಾಹ್ನದ ಬಸ್ಸು ಚಳಿಗಾಲಕ್ಕೆ ಆಗಿಬರುವುದಿಲ್ಲ.

ಬೆಳಕಿನ ದಿಕ್ಕೂ ಮುಖ್ಯ. ಸಹ್ಯಾದ್ರಿಯ ಕಡಿದಾದ ಮುಖ ಇರುವುದು ಪಶ್ಚಿಮಕ್ಕೆ, ಕಡಲಿನ ಕಡೆಗೆ. ಬೆಳಿಗ್ಗೆ ಸೂರ್ಯ ಬೆಟ್ಟದ ಹಿಂದಿರುತ್ತಾನೆ. ಆ ಗೋಡೆ ತನ್ನ ನೆರಳಿನಲ್ಲೇ ನಿಂತಿರುತ್ತದೆ, ಬಣ್ಣ ಕಾಣುವುದಿಲ್ಲ, ಆದರೆ ಕಣಿವೆಯ ಮಂಜು ಮತ್ತು ಒಂದರ ಹಿಂದೊಂದು ನಿಂತ ಸಾಲುಗಳ ಅಂಚುಗಳು ಅದ್ಭುತವಾಗಿ ಕಾಣುತ್ತವೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರವಾಗಿ ಗೋಡೆಯ ಮೇಲೆ ಬೀಳುತ್ತದೆ. ಬಂಡೆಯ ಬಿರುಕು, ಹುಲ್ಲಿನ ಬಣ್ಣ, ಮರದ ನೆತ್ತಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹಾಗಾಗಿ ನನ್ನ ಸಲಹೆ: ಹೋಗುವಾಗ ಬೆಳಿಗ್ಗೆ ಇಳಿಯಿರಿ, ಬರುವಾಗ ಮಧ್ಯಾಹ್ನದ ಮೇಲೆ ಹತ್ತಿರಿ. ಎರಡೂ ಸಲ ಸೂರ್ಯ ಬಸ್ಸಿನ ಬೆನ್ನಿಗಿರುತ್ತಾನೆ, ಕಣ್ಣಿಗೆ ಕುಕ್ಕುವುದಿಲ್ಲ.

ಹಂತ 2: ತಿಂಗಳು

ಒಂದೇ ಸಲ ಹೋಗುವುದಾದರೆ ಅಕ್ಟೋಬರ್ ಕೊನೆ ಅಥವಾ ನವೆಂಬರ್. ಮಳೆ ಗಾಳಿಯ ಧೂಳನ್ನೆಲ್ಲ ತೊಳೆದಿರುತ್ತದೆ, ದೂರದ ಸಾಲು ಸ್ಪಷ್ಟವಾಗಿ ಕಾಣುತ್ತದೆ, ಝರಿಗಳು ಇನ್ನೂ ಬತ್ತಿರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಮಂಜು ಕಣಿವೆ ತುಂಬಿರುತ್ತದೆ. ರಾತ್ರಿ ತಣ್ಣಗಾದ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿ ತಗ್ಗಿಗೆ ಸೇರುವುದರಿಂದ ಮೇಲೆ ಬಿಸಿಲು, ಕೆಳಗೆ ಬಿಳಿ.

ಫೆಬ್ರುವರಿ, ಮಾರ್ಚ್ ಕಾಡು ನೋಡುವವರಿಗೆ. ದಾಲ್ಚಿನ್ನಿ, ನಾಗಸಂಪಿಗೆಯಂಥ ಮರಗಳು ಆಗ ಕೆಂಪು ಚಿಗುರು ಬಿಡುತ್ತವೆ. ಘಟ್ಟದ ಇಳಿಜಾರಿನಲ್ಲಿ ಹಸಿರಿನ ನಡುವೆ ಕೆಂಪು, ತಾಮ್ರದ ಬಣ್ಣದ ತಲೆಗಳು ಕಂಡರೆ ಅವು ಹೂವಲ್ಲ, ಎಳೆ ಎಲೆ. ಅದೇ ಹೊತ್ತಿಗೆ ಹೂಮಳೆ ಬಿದ್ದರೆ ಹತ್ತು ದಿನದೊಳಗೆ ಸಕಲೇಶಪುರದ ಸುತ್ತ ಕಾಫಿ ಗಿಡಗಳು ಬೆಳ್ಳಗೆ ಹೂ ಬಿಡುತ್ತವೆ. ಕಿಟಕಿ ತೆರೆದಿದ್ದರೆ ವಾಸನೆ ಬಸ್ಸಿನೊಳಗೂ ಬರುತ್ತದೆ. ಆದರೆ ದೂರದ ನೋಟಕ್ಕೆ ಈ ತಿಂಗಳುಗಳು ಒಳ್ಳೆಯವಲ್ಲ. ಧೂಳು, ಕಾಡ್ಗಿಚ್ಚಿನ ಹೊಗೆ, ಒಣ ಹವೆ ಸೇರಿ ಎದುರಿನ ಬೆಟ್ಟ ಮಸುಕಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಬೇರೆಯದೇ ಲೋಕ. ಬೆಟ್ಟ ಕಾಣುವುದು ಕಡಿಮೆ, ನೀರು ಕಾಣುವುದು ಹೆಚ್ಚು. ಅದನ್ನು ಮುಂದೆ ಬೇರೆಯಾಗಿಯೇ ಹೇಳುತ್ತೇನೆ.

ಹಂತ 3: ಬಸ್ಸಿನ ಜಾತಿ

ಬೆಟ್ಟ ನೋಡಲು ನನ್ನ ಮೊದಲ ಆಯ್ಕೆ ಕರ್ನಾಟಕ ಸಾರಿಗೆಯ ಕೆಂಪು ಬಸ್ಸು. ಕಿಟಕಿ ಸರಿಸಬಹುದು. ಗಾಜಿನ ಬಣ್ಣ, ಪರದೆ, ಪ್ರತಿಬಿಂಬ ಯಾವುದೂ ನಡುವೆ ಬರುವುದಿಲ್ಲ. ಕಾಡಿನ ತಂಪು, ಒದ್ದೆ ಮಣ್ಣಿನ ವಾಸನೆ, ಜೀರುಂಡೆಯ ಸದ್ದು ಎಲ್ಲ ಒಳಗೆ ಬರುತ್ತದೆ. ಸೀಟು ಒರಗುವುದಿಲ್ಲ, ಕಾಲಿಗೆ ಜಾಗ ಕಡಿಮೆ, ಇದು ನಿಜ. ಬೆನ್ನುನೋವು ಇರುವವರಿಗೆ ರಾಜಹಂಸ ಒಳ್ಳೆಯದು, ಅದರಲ್ಲೂ ಕಿಟಕಿ ತೆರೆಯುತ್ತದೆ. ಐರಾವತದಂಥ ಎ.ಸಿ. ಬಸ್ಸುಗಳ ಗಾಜು ದೊಡ್ಡದು, ಕೂರುವ ಜಾಗ ಎತ್ತರ, ಆದ್ದರಿಂದ ರಸ್ತೆಬದಿಯ ತಡೆಗೋಡೆಯ ಆಚೆಗೂ ಕಣಿವೆ ಕಾಣುತ್ತದೆ. ಅದು ನಿಜವಾದ ಅನುಕೂಲ. ಮಳೆಗಾಲದಲ್ಲಂತೂ ನಾನು ಎ.ಸಿ. ಬಸ್ಸನ್ನೇ ಆರಿಸುತ್ತೇನೆ, ಕೆಂಪು ಬಸ್ಸಿನಲ್ಲಿ ಎಲ್ಲರೂ ಕಿಟಕಿ ಮುಚ್ಚಿದರೆ ಗಾಜಿನ ಮೇಲೆ ಆವಿ ಕಟ್ಟಿ ಏನೂ ಕಾಣುವುದಿಲ್ಲ. ಸ್ಲೀಪರ್ ಬಸ್ಸನ್ನು ಹಗಲಿನಲ್ಲಿ ಸಿಕ್ಕರೂ ಬಿಟ್ಟುಬಿಡಿ. ಮಲಗಿದವರಿಗೆ ಆಕಾಶ ಕಾಣುತ್ತದೆ, ಕಣಿವೆ ಕಾಣುವುದಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಅಂದರೆ ಅಮ್ಮ, ಅಜ್ಜಿ, ಅಕ್ಕತಂಗಿಯರನ್ನು ಕರೆದುಕೊಂಡು ಘಟ್ಟ ನೋಡಿ ಬರುವುದು ಈಗ ಸುಲಭ. ವಾರಾಂತ್ಯದಲ್ಲಿ ಈ ಬಸ್ಸುಗಳು ತುಂಬಿರುತ್ತವೆ. ಕಿಟಕಿ ಬೇಕಿದ್ದರೆ ಮಂಗಳವಾರವೋ ಬುಧವಾರವೋ ಹೊರಡಿ, ಮುಂಗಡ ಕಾಯ್ದಿರಿಸಿ.

ಹಂತ 4: ಎಡವೋ ಬಲವೋ

ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಒಂದು ಗಂಟೆ ಪೂರ್ತಿ ಧರೆಯ ಮಣ್ಣು ನೋಡಿಕೊಂಡು ಹೋಗಬೇಕಾಗುತ್ತದೆ. ಘಟ್ಟದ ರಸ್ತೆ ಅಂದರೆ ಬೆಟ್ಟದ ಮೈಯಲ್ಲಿ ಕೊರೆದ ಒಂದು ಮೆಟ್ಟಿಲು. ಒಂದು ಬದಿಗೆ ಕಡಿದ ಧರೆ, ಇನ್ನೊಂದು ಬದಿಗೆ ತೆರೆದ ಕಣಿವೆ. ಕಣಿವೆ ಯಾವ ಬದಿ ಎಂದು ತಿಳಿಯುವುದಕ್ಕೆ ಮೊದಲು ಆ ಘಟ್ಟ ಯಾವ ಬಗೆಯದು ಎಂದು ನೋಡಬೇಕು.

ಒಂದು ಬಗೆ, ಹಾವಿನಂತೆ ಮಡಚಿ ಮಡಚಿ ಇಳಿಯುವ ಹೇರ್‌ಪಿನ್ ಘಟ್ಟ. ಆಗುಂಬೆಯಲ್ಲಿ 14 ತಿರುವು, ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂನಲ್ಲಿ 27, ವಯನಾಡಿನ ತಾಮರಶ್ಶೇರಿ ಘಾಟಿಯಲ್ಲಿ 9. ಒಂದೊಂದು ತಿರುವಿಗೂ ಕಣಿವೆ ಬದಿ ಬದಲಿಸುತ್ತದೆ. ಇಂಥ ಕಡೆ ಎಡ, ಬಲ ಎಂಬ ಚಿಂತೆ ಬೇಡ, ಕಿಟಕಿ ಸಿಕ್ಕರೆ ಸಾಕು.

ಇನ್ನೊಂದು ಬಗೆ, ಹೊಳೆಯ ಜೊತೆ ಇಳಿಯುವ ಘಟ್ಟ. ಶಿರಾಡಿಯಲ್ಲಿ ಕೆಂಪುಹೊಳೆ, ಮಡಿಕೇರಿ–ಸುಳ್ಯ ನಡುವಿನ ಸಂಪಾಜೆಯಲ್ಲಿ ಪಯಸ್ವಿನಿ. ಇಲ್ಲಿ ರಸ್ತೆ ಮೈಲುಗಟ್ಟಲೆ ಹೊಳೆಯ ಒಂದೇ ದಡದಲ್ಲಿ ಸಾಗುತ್ತದೆ, ಆದ್ದರಿಂದ ಬದಿ ಮುಖ್ಯ. ಕಂಡುಕೊಳ್ಳುವ ಉಪಾಯ ಸರಳ. ಫೋನಿನ ನಕ್ಷೆಯಲ್ಲಿ ಘಟ್ಟದ ಭಾಗವನ್ನು ಹಿಗ್ಗಿಸಿ. ರಸ್ತೆಯ ಪಕ್ಕದಲ್ಲಿ ನೀಲಿ ಗೆರೆ ಹುಡುಕಿ. ನೀವು ಹೋಗುವ ದಿಕ್ಕಿಗೆ ಮುಖ ಮಾಡಿ ನಕ್ಷೆ ತಿರುಗಿಸಿಕೊಂಡರೆ ಹೊಳೆ ಯಾವ ಕೈಗೆ ಇದೆಯೋ ಕಣಿವೆಯೂ ಆ ಕೈಗೇ. ಶಿರಾಡಿಯಲ್ಲಿ ಮಂಗಳೂರಿಗೆ ಇಳಿಯುವಾಗ ಹೊಳೆ ಬಹುಪಾಲು ಎಡಗಡೆ ಸಿಗುತ್ತದೆ, ಹೊಳೆಯಾಚೆಯ ಬೆಟ್ಟದಲ್ಲಿ ರೈಲು ಹಳಿ. ಇಳಿಯುವಾಗ ಎಡ, ಹತ್ತುವಾಗ ಬಲ.

ನಮ್ಮಲ್ಲಿ ವಾಹನ ಎಡಕ್ಕೆ ಚಲಿಸುವುದರಿಂದ ಎಡಕ್ಕೆ ಕಣಿವೆ ಬಂದಾಗ ನಿಮ್ಮ ಕಿಟಕಿ ಅಂಚಿನ ಮೇಲೆಯೇ ಇರುತ್ತದೆ, ಕೆಳಗಿನ ನೀರಿನವರೆಗೂ ನೋಟ ಇಳಿಯುತ್ತದೆ. ಬಲಕ್ಕೆ ಬಂದರೆ ನಡುವೆ ಎದುರು ವಾಹನಗಳ ಸಾಲು. ನೋಟ ಎದುರಿನ ಬೆಟ್ಟಕ್ಕೆ ಹಾಯುತ್ತದೆಯೇ ಹೊರತು ಕೆಳಕ್ಕೆ ಇಳಿಯುವುದಿಲ್ಲ.

ಇನ್ನು ಬಿಸಿಲು. ಬೆಂಗಳೂರಿನಿಂದ ಪಶ್ಚಿಮಕ್ಕೆ ಹೋಗುವಾಗ ಎಡಗಿಟಕಿ ದಕ್ಷಿಣಕ್ಕಿರುತ್ತದೆ. ವರ್ಷದ ಹೆಚ್ಚಿನ ಭಾಗ ನಡುಹಗಲ ಸೂರ್ಯ ದಕ್ಷಿಣಕ್ಕೇ ವಾಲಿರುವುದರಿಂದ ಬಿಸಿಲು ಎಡಬದಿಗೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ನಮ್ಮ ಅಕ್ಷಾಂಶದಲ್ಲಿ ಅವನು ನೆತ್ತಿಯಿಂದ ತುಸು ಉತ್ತರಕ್ಕೆ. ಹಾಗಿದ್ದರೆ ಎಡವನ್ನು ಬಿಡಬೇಕೆ? ಬೇಡ. ಹನ್ನೊಂದು, ಹನ್ನೆರಡರ ಸೂರ್ಯ ಸಾಕಷ್ಟು ಮೇಲಿರುತ್ತಾನೆ, ಬಸ್ಸಿನ ಚಾವಣಿಯೇ ನೆರಳು ಕೊಡುತ್ತದೆ. ಕಣಿವೆಯ ಬದಿಯನ್ನೇ ಹಿಡಿಯಿರಿ, ಹಾಸನದವರೆಗಿನ ಬಿಸಿಲಿಗೆ ಒಂದು ಟೋಪಿ ಇರಲಿ.

ಸೀಟಿನ ಸಾಲಿನ ವಿಷಯಕ್ಕೆ ಬಂದರೆ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಸಾಲುಗಳು ಉತ್ತಮ, ಕುಲುಕಾಟ ಕಡಿಮೆ. ಕೊನೆಯ ಸೀಟು ತಿರುವುಗಳಲ್ಲಿ ಎತ್ತಿ ಹಾಕುತ್ತದೆ. ಆನ್‌ಲೈನ್ ಸೀಟು ನಕ್ಷೆಯಲ್ಲಿ ಕಾಣದ ಒಂದು ವಿಷಯವಿದೆ: ಕಿಟಕಿ ಕಂಬ. ಕೆಲವು ಸೀಟಿಗೆ ಸರಿಯಾಗಿ ಕಣ್ಣಿನ ನೇರಕ್ಕೆ ಕಂಬ ಬರುತ್ತದೆ. ಕಾಯ್ದಿರಿಸದೆ ಹತ್ತುವುದಾದರೆ ಕೂತು ನೋಡಿ, ಕಂಬ ನಿಮ್ಮ ಭುಜದ ಹಿಂದಿರುವ ಸೀಟು ಆರಿಸಿ. ಬಸ್ಸು ಮುಂದಕ್ಕೆ ಚಲಿಸುವುದರಿಂದ ಮುಂದಿನ ನೋಟ ತೆರೆದಿದ್ದರೆ ಬರಲಿರುವುದು ಮೊದಲೇ ಕಾಣುತ್ತದೆ.

ಹಂತ 5: ಹಿಂದಿನ ದಿನ

ಘಟ್ಟ ತೆರೆದಿದೆಯೇ ಎಂದು ವಿಚಾರಿಸಿ. ಮಳೆಗಾಲದಲ್ಲಿ ಧರೆ ಕುಸಿದು ರಸ್ತೆ ಬಂದ್ ಆಗುವುದು, ಜಿಲ್ಲಾಡಳಿತ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುವುದು ಸಾಮಾನ್ಯ. 2018ರ ಆಗಸ್ಟಿನಲ್ಲಿ ಸಂಪಾಜೆ, ಶಿರಾಡಿ ಎರಡೂ ಕಡೆ ಕುಸಿತವಾಗಿತ್ತು. ಆಗುಂಬೆ, ಚಾರ್ಮಾಡಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧವಿರುವುದರಿಂದ ಅಲ್ಲಿಗೆ ಯಾವ ಬಸ್ಸು ಓಡುತ್ತಿದೆ ಎಂದು ಬಸ್ ನಿಲ್ದಾಣದ ವಿಚಾರಣೆಯಲ್ಲಿ ಕೇಳಿಯೇ ಹೊರಡಿ.

ಆ ಪ್ರದೇಶದ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಕಣಿವೆಯೊಳಗೆ ನೆಟ್‌ವರ್ಕ್ ಹೋಗುತ್ತದೆ, ಆದರೆ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಎದುರಿನ ಬೆಟ್ಟ ಯಾವುದು, ಕೆಳಗಿನ ಹೊಳೆ ಯಾವುದು ಎಂದು ಕೂತಲ್ಲೇ ತಿಳಿಯಬಹುದು. ಹತ್ತಿಯ ಕರವಸ್ತ್ರ ಎರಡು, ನೀರು, ಒಂದು ತೆಳು ಸ್ವೆಟರ್. ಬೈನಾಕ್ಯುಲರ್ ಬೇಡ, ಓಡುವ ಬಸ್ಸಿನಲ್ಲಿ ಅದು ನಡುಗುವುದನ್ನಷ್ಟೇ ತೋರಿಸುತ್ತದೆ.

ಹಂತ 6: ಘಟ್ಟ ಬರುವ ಮೊದಲೇ ನೋಡಲು ಶುರುಮಾಡಿ

ಹಾಸನ ದಾಟಿದ ಮೇಲೆ ನಿದ್ದೆ ಬೇಡ. ಬೆಟ್ಟದ ಎತ್ತರ ಮನಸ್ಸಿಗೆ ತಾಕಬೇಕಾದರೆ ಬಯಲು ಹೇಗೆ ಮುಗಿಯಿತು ಎಂಬುದನ್ನು ಕಂಡಿರಬೇಕು. ಕುಣಿಗಲ್, ಚನ್ನರಾಯಪಟ್ಟಣದವರೆಗೆ ರಾಗಿ ಹೊಲ, ತೆಂಗಿನ ತೋಟ, ಕೆರೆ ಏರಿ. ಹಾಸನದ ಸುತ್ತ ಆಲೂಗಡ್ಡೆ, ಜೋಳದ ಹೊಲ. ಆಲೂರು ದಾಟಿ ಬಾಳ್ಳುಪೇಟೆ ಬರುವಷ್ಟರಲ್ಲಿ ಗದ್ದೆ ತಗ್ಗಿಗೆ ಇಳಿಯುತ್ತದೆ, ದಿಬ್ಬಗಳ ಮೇಲೆ ಸಿಲ್ವರ್ ಓಕ್ ಮರಗಳು, ಅವುಗಳ ಮೈಗೆ ಮೆಣಸಿನ ಬಳ್ಳಿ, ನೆರಳಲ್ಲಿ ಕಾಫಿ. ಮನೆಗಳ ಚಾವಣಿ ಹಂಚಿಗೆ ತಿರುಗುತ್ತದೆ. ಮಳೆ ಹೆಚ್ಚಾಗುತ್ತಿದೆ ಎಂಬುದನ್ನು ಮರಗಳ ಕಾಂಡದ ಮೇಲಿನ ಪಾಚಿಯೇ ಹೇಳುತ್ತದೆ.

ಇಲ್ಲೊಂದು ವಿಚಿತ್ರ ಗಮನಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸಕಲೇಶಪುರ ಸುಮಾರು 950. ಐದು ಗಂಟೆ ಪ್ರಯಾಣ ಮಾಡಿದರೂ ನಾವು ಬೆಟ್ಟ ಹತ್ತಿಯೇ ಇಲ್ಲ! ಪಶ್ಚಿಮ ಘಟ್ಟ ಹಿಮಾಲಯದ ಹಾಗೆ ಮಡಿಚಿ ಮೇಲೆದ್ದ ಪರ್ವತವಲ್ಲ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಸೀಳಿ ಬೇರೆಯಾಯಿತು. ಆ ಸೀಳಿದ ಅಂಚೇ ಸವೆದು ಹಿಂದೆ ಸರಿಯುತ್ತ ಈಗಿನ ಘಟ್ಟವಾಗಿದೆ. ಬೆಂಗಳೂರಿನಿಂದ ಹೋಗುವವರು ಪ್ರಸ್ಥಭೂಮಿಯ ಮೇಲೆ ಅದರ ತುದಿಯವರೆಗೂ ಸಾಗಿ ಅಲ್ಲಿಂದ ಕೆಳಗೆ ಇಣುಕುತ್ತಾರೆ. ಇದು ತಿಳಿದಿದ್ದರೆ ಸಕಲೇಶಪುರದ ನಂತರದ ಮೊದಲ ತಿರುವಿನಲ್ಲಿ ನೆಲ ಒಮ್ಮೆಲೇ ಕಾಣೆಯಾಗುವುದು ಬೇರೆಯೇ ಅರ್ಥ ಕೊಡುತ್ತದೆ.

ಸಕಲೇಶಪುರದಲ್ಲಿ ಬಸ್ಸು ಹೇಮಾವತಿಯನ್ನು ದಾಟುತ್ತದೆ. ಆ ನೀರು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಊರು ಬಿಟ್ಟು ಸ್ವಲ್ಪ ದೂರಕ್ಕೆ ಮಂಜರಾಬಾದ್ ಕೋಟೆಯ ಗುಡ್ಡ. 1792ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿದು. ನಕ್ಷತ್ರ ಕಾಣಬೇಕಾದರೆ ಆಕಾಶದಿಂದಲೇ ನೋಡಬೇಕು, ಬಸ್ಸಿನಿಂದ ಕಾಣುವುದು ಗುಡ್ಡ ಮಾತ್ರ. ಕರಾವಳಿಯಿಂದ ಮೇಲೆ ಬರುವ ದಾರಿಯನ್ನು ಕಾಯಲು ಆ ಜಾಗವನ್ನೇ ಏಕೆ ಆರಿಸಿದರು ಎಂಬುದು ಮುಂದಿನ ಐದು ನಿಮಿಷದಲ್ಲಿ ತಿಳಿಯುತ್ತದೆ. ದೋಣಿಗಲ್ ದಾಟಿ ಮಾರನಹಳ್ಳಿಯ ಕಡೆ ಇಳಿಯತೊಡಗಿದ ಮೇಲೆ ಪಕ್ಕದಲ್ಲಿ ಹರಿಯುವ ಹಳ್ಳಗಳೆಲ್ಲ ಅರಬ್ಬೀ ಸಮುದ್ರದ ಪಾಲು. ಕೆಲವೇ ಕಿಲೋಮೀಟರಿನಲ್ಲಿ ಬಸ್ಸು ದಕ್ಷಿಣ ಭಾರತದ ನೀರು ಎರಡು ಕಡಲಿಗೆ ಪಾಲಾಗುವ ಗೆರೆಯನ್ನು ದಾಟಿರುತ್ತದೆ, ಅಲ್ಲಿ ಒಂದು ಬೋರ್ಡೂ ಇಲ್ಲ.

ಹಂತ 7: ಘಟ್ಟದೊಳಗೆ ನೋಡುವ ಕ್ರಮ

ಕಣ್ಣನ್ನು ಕಿಟಕಿಯ ಹತ್ತಿರದ ಮರಗಳ ಮೇಲೆ ನೆಡಬೇಡಿ. ಅವು ಓಡುತ್ತವೆ, ಎರಡು ನಿಮಿಷಕ್ಕೆ ತಲೆ ತಿರುಗುತ್ತದೆ. ಮೊದಲು ಅತಿ ದೂರದ ಸಾಲನ್ನು ಹಿಡಿಯಿರಿ. ಅದು ಹೆಚ್ಚು ಕಡಿಮೆ ನಿಂತೇ ಇರುತ್ತದೆ. ಅಲ್ಲಿಂದ ನಿಧಾನವಾಗಿ ಈಚೆಗೆ ಬನ್ನಿ. ದೂರದ್ದು ನಸುನೀಲಿ, ನಡುವಿನದು ಬೂದುಹಸಿರು, ಹತ್ತಿರದ್ದು ಕಡುಹಸಿರು. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ. ಹಾಗಾಗಿ ಬಣ್ಣ ನೋಡಿಯೇ ಯಾವ ಬೆಟ್ಟ ಮುಂದಿದೆ, ಯಾವುದು ಹಿಂದಿದೆ ಎಂದು ಹೇಳಬಹುದು. ಎಷ್ಟು ಸಾಲು ಎಣಿಸಬಹುದು ಎಂದು ಮಕ್ಕಳಿಗೆ ಕೇಳಿ. ಒಳ್ಳೆಯ ನವೆಂಬರ್ ದಿನ ಅವರು ನಿಮಗಿಂತ ಒಂದೆರಡು ಹೆಚ್ಚೇ ಹೇಳುತ್ತಾರೆ.

ಬಳಿಕ ಎದುರಿನ ಇಳಿಜಾರು. ಕಾಡು ದೂರದಿಂದ ಒಂದೇ ಹಸಿರಾಗಿ ಕಂಡರೂ ಸ್ವಲ್ಪ ಹೊತ್ತು ನೋಡಿದರೆ ಬಿಡಿ ಮರಗಳು ಕಾಣತೊಡಗುತ್ತವೆ. ಎಲ್ಲಕ್ಕಿಂತ ಮೇಲೆ ತಲೆಯೆತ್ತಿದ ಬಿಳಿ ಕಾಂಡದ ದೈತ್ಯರು, ಜಡೆಯಂಥ ಗೊಂಚಲು ಇಳಿಬಿಟ್ಟ ಬೈನೆ ಮರ, ಹೊಳೆಯಂಚಿನ ಬೆತ್ತದ ಪೊದೆ, ಬಿದಿರಿನ ಮೆಳೆ. ಹಸಿರಿನ ನಡುವೆ ಕೆಮ್ಮಣ್ಣಿನ ಗೀರು ಕಂಡರೆ ಅದು ಧರೆ ಕುಸಿದ ಗುರುತು. ಗೀರಿನ ಮೇಲೆ ಹುಲ್ಲು ಬಂದಿದೆಯೇ, ಗಿಡ ಬಂದಿದೆಯೇ ಎಂಬುದರಿಂದ ಹಳೆಯದೋ ಹೊಸದೋ ಊಹಿಸಬಹುದು.

ಶಿರಾಡಿಯಲ್ಲಿ ಹೊಳೆಯಾಚೆಯ ಬೆಟ್ಟವನ್ನು ಇನ್ನೂ ಎಚ್ಚರದಿಂದ ನೋಡಬೇಕು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲು ಹಾದಿ ಆ ಮೈಯಲ್ಲಿ ಹಾದುಹೋಗುತ್ತದೆ. ಸುಮಾರು 55 ಕಿ.ಮೀ.ನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಮರಗಳ ಸಂದಿಯಲ್ಲಿ ನೇರವಾದ ಅಡ್ಡಗೆರೆ ಕಂಡರೆ, ಅಥವಾ ಕೊರಕಲಿನ ಮೇಲೆ ಎತ್ತರದ ಕಂಬಗಳು ಕಂಡರೆ, ಅದೇ. ಕಾಡಿನಲ್ಲಿ ನೇರ ಗೆರೆ ತಾನಾಗಿ ಇರುವುದಿಲ್ಲ, ಹಾಗಾಗಿ ಕಣ್ಣಿಗೆ ಬೇಗ ಸಿಗುತ್ತದೆ.

ಆಮೇಲೆ ಕೆಳಗೆ. ಹೊಳೆ ಮೊದಲು ಆಳದಲ್ಲಿ, ಸದ್ದಷ್ಟೇ. ಗುಂಡ್ಯ ಹತ್ತಿರವಾದಂತೆ ರಸ್ತೆ ನೀರಿನ ಮಟ್ಟಕ್ಕೆ ಇಳಿಯುತ್ತದೆ, ಗುಂಡುಕಲ್ಲುಗಳು ಎಣಿಸುವಷ್ಟು ಹತ್ತಿರ. ಬಂಡೆಗಳ ಮೇಲೆ ನೀರಿನ ಗೆರೆ ನೋಡಿ. ಮಳೆಗಾಲದಲ್ಲಿ ಹೊಳೆ ಎಷ್ಟು ಏರುತ್ತದೆ ಎಂಬುದು ಅಲ್ಲಿ ಬರೆದಿರುತ್ತದೆ.

ಧರೆಯ ಬದಿಯಲ್ಲಿ ಕೂತವರೂ ಬೇಸರಪಡಬೇಕಿಲ್ಲ. ಕಡಿದ ಧರೆ ಬೆಟ್ಟದ ಒಳಗನ್ನು ತೋರಿಸುತ್ತದೆ: ಮೇಲೆ ತೆಳುವಾದ ಕಪ್ಪು ಮಣ್ಣು, ಕೆಳಗೆ ಕೆಂಪು, ಅದರಡಿ ಕೊಳೆತಂತಿರುವ ಮೆತ್ತನೆಯ ಕಲ್ಲು, ಕೊನೆಗೆ ಗಟ್ಟಿ ಬಂಡೆ. ಈ ಬಂಡೆಗಳು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯವು. ಜರೀಗಿಡ, ಪಾಚಿ, ಒಸರುವ ನೀರು, ಮಳೆ ನಿಂತ ಮೇಲೂ ವಾರಗಟ್ಟಲೆ ಜಿನುಗುವ ಸಣ್ಣ ಅಬ್ಬಿಗಳು ಈ ಬದಿಯವರಿಗೇ ಮೀಸಲು.

ಹೊಟ್ಟೆ ತೊಳಸುವವರಿಗೆ

ತಿರುವುಗಳಲ್ಲಿ ವಾಂತಿ ಬರುವುದು ದೌರ್ಬಲ್ಯವೇನಲ್ಲ. ಒಳಕಿವಿ ದೇಹ ತಿರುಗುತ್ತಿದೆ ಎನ್ನುತ್ತದೆ, ಸೀಟಿನ ಬೆನ್ನನ್ನೋ ಫೋನನ್ನೋ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ. ಈ ಜಗಳ ಬಿಡಿಸುವ ಮದ್ದು ದೂರದ ಬೆಟ್ಟ. ಅಂದರೆ ಬೆಟ್ಟ ನೋಡುವವರಿಗೆ ವಾಂತಿ ಕಡಿಮೆ, ಫೋನ್ ನೋಡುವವರಿಗೆ ಹೆಚ್ಚು. ಹಾಸನದಲ್ಲಿ ಪೂರಿ, ಮಸಾಲೆದೋಸೆ ಬೇಡ, ಎರಡು ಇಡ್ಲಿ ಸಾಕು. ಪೂರ್ತಿ ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಒಣಶುಂಠಿ ಚೂರು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಹಿತವಾಗುತ್ತದೆ. ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ, ಘಟ್ಟ ಶುರುವಾಗುವ ಮೊದಲೇ ನುಂಗಬೇಕು. ಹಲವು ಮಾತ್ರೆಗಳು ನಿದ್ದೆ ಬರಿಸುತ್ತವೆ, ಅದನ್ನೂ ಕೇಳಿಕೊಳ್ಳಿ. ಕಿವಿ ಕಟ್ಟಿದರೆ ಉಗುಳು ನುಂಗಿ ಅಥವಾ ಆಕಳಿಸಿ. ಚಿಕ್ಕ ಮಕ್ಕಳಿಗೆ ಇಳಿಯುವಾಗ ಏನಾದರೂ ಕುಡಿಸುತ್ತಿರಿ.

ತಲೆ, ಕೈ ಹೊರಗೆ ಹಾಕಲೇಬೇಡಿ. ಘಟ್ಟದಲ್ಲಿ ಎದುರಿನ ಲಾರಿ ನಿಮ್ಮ ಕಿಟಕಿಯಿಂದ ಒಂದು ಗೇಣು ದೂರದಲ್ಲಿ ಹೋಗುತ್ತದೆ. ರಸ್ತೆಬದಿಯ ಕೋತಿಗಳಿಗೆ ತಿಂಡಿ ಎಸೆಯುವುದನ್ನು ನೋಡಿದರೆ ತಡೆಯಿರಿ. ಆ ಚೂರಿಗಾಗಿ ಅವು ಚಕ್ರದಡಿ ಸಾಯುತ್ತವೆ.

ಮಳೆಗಾಲದ ಬಸ್ಸು

ಜುಲೈಯಲ್ಲಿ ಹೋಗುವವರು ದೂರದ ನೋಟದ ಆಸೆ ಬಿಟ್ಟು ಹತ್ತಬೇಕು. ಕಡಲಿನಿಂದ ಬರುವ ತೇವದ ಗಾಳಿ ಗೋಡೆಗೆ ಬಡಿದು ಮೇಲೇರುತ್ತ ತಣ್ಣಗಾಗಿ ಮೋಡವಾಗುವುದು ನೀವು ದಾಟುವ ಎತ್ತರದಲ್ಲೇ. ಅಂದರೆ ನೀವು ಮೋಡದ ಒಳಗೇ ಇರುತ್ತೀರಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವುದಕ್ಕೆ ಇದೇ ಕಾರಣ. ಹತ್ತು ನಿಮಿಷ ಬಿಳಿಗೋಡೆ, ಆಮೇಲೆ ಗಾಳಿ ಬೀಸಿ ಒಂದು ಕ್ಷಣ ಕಣಿವೆ ಪೂರ್ತಿ ತೆರೆದು ಮತ್ತೆ ಮುಚ್ಚುತ್ತದೆ. ಆ ಕ್ಷಣಕ್ಕೆ ಕಾಯಬೇಕು. ಗಾಜಿನ ಒಳಮೈ ಆವಿಯನ್ನು ಕರವಸ್ತ್ರದಿಂದ ಒರೆಸುತ್ತಿರಿ, ಕಿಟಕಿ ಒಂದು ಬೆರಳಷ್ಟು ತೆರೆದಿಟ್ಟರೆ ಆವಿ ಕಟ್ಟುವುದು ಕಡಿಮೆಯಾಗುತ್ತದೆ. ಎದುರಿನ ಬೆಟ್ಟದಲ್ಲಿ ಬಿಳಿ ದಾರಗಳಂತೆ ಇಳಿಯುವ ಹೆಸರಿಲ್ಲದ ಅಬ್ಬಿಗಳು ಈ ಕಾಲದ ಸಂಪತ್ತು, ನವೆಂಬರಿನಲ್ಲಿ ಅರ್ಧಕ್ಕರ್ಧ ಇರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಅದೇ ದಿನ ಸಂಜೆ ಎಲ್ಲಾದರೂ ತಲುಪಲೇಬೇಕೆಂಬ ಕೆಲಸ ಇಟ್ಟುಕೊಳ್ಳಬೇಡಿ. ದಾರಿ ತಪ್ಪಿಸಿ ಸುತ್ತಿಸಿದರೆ ಗಂಟೆಗಟ್ಟಲೆ ತಡವಾಗುತ್ತದೆ.

ಫೋಟೊ

ಕಡಿಮೆ ತೆಗೆಯಿರಿ. ಎ.ಸಿ. ಬಸ್ಸಿನಲ್ಲಿ ಫೋನನ್ನು ಗಾಜಿಗೆ ಒತ್ತಿ ಹಿಡಿದರೆ ಪ್ರತಿಬಿಂಬ ಬರುವುದಿಲ್ಲ. ಹತ್ತಿರದ ಮರ ಹೇಗೂ ಕಲಸಿಹೋಗುತ್ತದೆ, ದೂರದ ಸಾಲಿಗೆ ಗುರಿಯಿಡಿ. ತಿರುವಿನಲ್ಲಿ ಬಸ್ಸು ನಿಧಾನವಾದಾಗ ಒಂದೆರಡು ಸಾಕು.

ಹಂತ 8: ಇಳಿದ ಮೇಲೆ ಬೆನ್ನ ಹಿಂದೆ

ಗುಂಡ್ಯ ದಾಟಿದ ಕೂಡಲೇ ಬಸ್ಸಿನಲ್ಲಿ ಎಲ್ಲರೂ ಫೋನ್ ತೆಗೆಯುತ್ತಾರೆ, ನೆಟ್‌ವರ್ಕ್ ಬಂದಿರುತ್ತದೆ. ನೀವು ಇನ್ನೂ ಸ್ವಲ್ಪ ಹೊತ್ತು ನೋಡಿ. ಗಾಳಿ ಬೆಚ್ಚಗೆ, ಒದ್ದೆ. ಅಡಿಕೆ, ರಬ್ಬರ್, ತೆಂಗು. ಧರೆಯ ಕಲ್ಲು ಬದಲಾಗಿ ತೂತುತೂತಾದ ಮುರಕಲ್ಲು ಬರುತ್ತದೆ, ಮನೆಯ ಗೋಡೆ, ಕಾಂಪೌಂಡ್ ಎಲ್ಲ ಅದರದ್ದೇ. ಉಪ್ಪಿನಂಗಡಿಯಲ್ಲಿ ಕುಮಾರಧಾರಾ ನೇತ್ರಾವತಿಯನ್ನು ಸೇರುತ್ತದೆ. ಘಟ್ಟದ ತಲೆಯಲ್ಲಿ ನೀವು ಕಂಡ ಕೆಂಪುಹೊಳೆಯ ನೀರೂ ಗುಂಡ್ಯ ಹೊಳೆಯಾಗಿ, ಕುಮಾರಧಾರೆಯಾಗಿ ಇಲ್ಲಿಗೇ ಬಂದಿದೆ. ಈಗ ಎತ್ತರ ನೂರು ಮೀಟರಿಗೂ ಕಡಿಮೆ.

ಬಯಲು ತೆರೆದ ಕಡೆ ಹಿಂದಿರುಗಿ ನೋಡಿದರೆ ಪೂರ್ವಕ್ಕೆ ಗೋಡೆ ನಿಂತಿರುತ್ತದೆ. ಕರಾವಳಿಯವರು ದಿನವೂ ನೋಡುವ ಬೆಟ್ಟ ಇದು. ಮೇಲಿನವರಿಗೆ ಅದು ತುದಿ, ಕೆಳಗಿನವರಿಗೆ ಗೋಡೆ. ಎರಡನ್ನೂ ಕಂಡರೆ ಘಟ್ಟ ಪೂರ್ತಿ ಕಂಡಂತೆ. ಆದ್ದರಿಂದ ವಾಪಸು ಬರುವುದನ್ನು ರಾತ್ರಿಗೆ ಇಡಬೇಡಿ. ಮಂಗಳೂರಿನಿಂದ ಮಧ್ಯಾಹ್ನ ಒಂದು, ಒಂದೂವರೆಗೆ ಹೊರಟರೆ ನಾಲ್ಕರ ಬಿಸಿಲಿನಲ್ಲಿ ಘಟ್ಟ ಹತ್ತುತ್ತೀರಿ.

ಇನ್ನು ಬೇರೆ ಘಟ್ಟಗಳು

ಮಂಗಳೂರಿನಿಂದ ಬೆಳ್ತಂಗಡಿ, ಉಜಿರೆ ಮೂಲಕ ಚಾರ್ಮಾಡಿ ಹತ್ತುವ ದಾರಿ ಗೋಡೆ ನೋಡುವವರಿಗೆ ಶಿರಾಡಿಗಿಂತ ಒಳ್ಳೆಯದು. ಬೆಳ್ತಂಗಡಿಯ ಸುತ್ತ ಎಡಕ್ಕೆ ಒಂಟಿಯಾಗಿ ನಿಂತ ಬಂಡೆಬೆಟ್ಟ ಗಡಾಯಿಕಲ್ಲು ಕಾಣುತ್ತದೆ, ಟಿಪ್ಪುವಿನ ಜಮಾಲಾಬಾದ್ ಕೋಟೆ ಅದರ ನೆತ್ತಿಯಲ್ಲಿದೆ. ಮೇಲೆ ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದು ಮುಂದಿನ ಬಸ್ಸಿಗೆ ಕಾಯಬಹುದು. ಆಗುಂಬೆಯಲ್ಲಿ ಮಿನಿ ಬಸ್ಸುಗಳು ಓಡುತ್ತವೆ. ಸೋಮೇಶ್ವರಕ್ಕೆ ಇಳಿಯುವ ತಿರುವುಗಳು ಬಹಳ ಕಡಿದು, ನೋಟ ಬೇಗ ಮುಗಿಯುತ್ತದೆ, ಆದರೆ ಅಷ್ಟರಲ್ಲೇ ಎತ್ತರದ ಅರಿವು ಚೆನ್ನಾಗಿ ಆಗುತ್ತದೆ. ಹುಬ್ಬಳ್ಳಿ ಕಡೆಯವರಿಗೆ ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲು, ಶಿರಸಿಯವರಿಗೆ ಕುಮಟಾ ದಾರಿಯ ದೇವಿಮನೆ. ಎರಡೂ ಕಾಡಿನ ಘಟ್ಟಗಳು, ತೆರೆದ ನೋಟಕ್ಕಿಂತ ಮರಗಳ ಸುರಂಗ ಹೆಚ್ಚು. ಬಂಡೀಪುರದ ಮೂಲಕ ನೀಲಗಿರಿಗೆ ಹೋಗುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧ ನೆನಪಿಟ್ಟುಕೊಂಡು ಹೊರಡಬೇಕು.

ನನ್ನನ್ನು ಕೇಳಿದರೆ ರಾಜ್ಯದಲ್ಲಿ ಬಸ್ಸಿನಿಂದ ಕಾಣುವ ಅತಿ ಚೆಂದದ ಬೆಟ್ಟದಾರಿ ಕಳಸದಿಂದ ಕುದುರೆಮುಖದ ಮೂಲಕ ಕಾರ್ಕಳಕ್ಕೆ ಇಳಿಯುವುದು. ಮೊದಲಿಗೆ ಜೊತೆಯಲ್ಲಿ ಭದ್ರಾ ಹೊಳೆ. ಆಮೇಲೆ ಕುದುರೆಮುಖ ಊರು, 2005ರ ಕೊನೆಯಲ್ಲಿ ಗಣಿ ನಿಂತ ಮೇಲೆ ನಿಶ್ಶಬ್ದವಾದ ಪಟ್ಟಣ. ಅದರಾಚೆ ರಾಷ್ಟ್ರೀಯ ಉದ್ಯಾನದ ಹುಲ್ಲುಬೆಟ್ಟಗಳು. ಮೈಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಡುಹಸಿರು ಕಾಡು. ಹುಲ್ಲಿನ ಭಾಗವನ್ನು ಕಂಡು ಕಾಡು ಕಡಿದಿದ್ದಾರೆ ಎಂದು ಹಲವರು ಮರುಗುತ್ತಾರೆ, ಅದು ಹಾಗಲ್ಲ. ಗಾಳಿಗೆ ತೆರೆದ, ಮಣ್ಣು ತೆಳುವಾದ ಏಣುಗಳಲ್ಲಿ ಹುಲ್ಲು, ಗಾಳಿ ತಾಗದೆ ನೀರು ನಿಲ್ಲುವ ಮಡಿಕೆಗಳಲ್ಲಿ ಮರ. ಇದು ಶೋಲಾ ಕಾಡಿನ ಸಹಜ ರೂಪ. ಕದಂಬಿ ಅಬ್ಬಿ ರಸ್ತೆಗೆ ಅಂಟಿಕೊಂಡೇ ಬೀಳುತ್ತದೆ. ಬಸ್ಸು ನಿಲ್ಲುವುದಿಲ್ಲ, ಹಾಗಾಗಿ ಕುದುರೆಮುಖ ಊರು ಬಿಟ್ಟ ಮೇಲೆ ಕಣ್ಣು ಕದಲಿಸಬೇಡಿ. ಶೃಂಗೇರಿ, ಕೆರೆಕಟ್ಟೆಯ ರಸ್ತೆ ಬಂದು ಸೇರುವ ಎಸ್.ಕೆ. ಬಾರ್ಡರ್ ದಾಟಿದ ಮೇಲೆ ಮಾಳದ ಕಡೆಗೆ ಇಳಿಜಾರು. ಕಳಸದ ಬಸ್ ನಿಲ್ದಾಣದಲ್ಲಿ ಹಿಂದಿನ ಸಂಜೆಯೇ ಕೇಳಿಟ್ಟುಕೊಂಡು, ಬೆಳಗಿನ ಮಂಜು ಹರಿಯುವ ಹೊತ್ತಿಗೆ, ಎಂಟೂವರೆ ಒಂಬತ್ತರ ಸುಮಾರಿಗೆ ಸಿಗುವ ಬಸ್ಸನ್ನು ಹಿಡಿಯಿರಿ. ಅದಕ್ಕಿಂತ ಮೊದಲಿನದರಲ್ಲಿ ಹೋದರೆ ಹುಲ್ಲುಬೆಟ್ಟದ ಮೇಲಿನರ್ಧ ಮೋಡದಲ್ಲೇ ಇರುತ್ತದೆ.